ಮುಚ್ಚಿದ ಕೋಣೆಯಲ್ಲಿ ಗಾಳಿ

ಸಿಡ್ನಿ, ಮಾರ್ಚ್ 9, 1926, ಮಂಗಳವಾರ

ಬೆಳಿಗ್ಗೆ ಮೂರು ಪುಟ. ಎರಡನ್ನು ಹರಿದೆ. ಪತ್ರಿಕೆಯ ಧಾರಾವಾಹಿಗೆ ಕೊನೆಯ ಕಂತು ಶುಕ್ರವಾರ ಮಧ್ಯಾಹ್ನದೊಳಗೆ ಹೋಗಬೇಕು. ಕೊಲೆಗಾರ ಡಾಕ್ಟರ್ — ಮುದುಕ ಕೋಣೆಗೆ ಚಿಲಕ ಹಾಕಿಕೊಳ್ಳುವ ಮೊದಲೇ ವಿಷ ಕುಡಿಸಿದ್ದ. ಇದು ನನಗೊಬ್ಬಳಿಗೇ ಗೊತ್ತು. ಅಡಿಗೆಯ ಡೋರ್ಕಸ್ ಚಹಾ ತಂದಾಗಲೆಲ್ಲ ಹಾಳೆ ಬೋರಲು ಹಾಕುತ್ತೇನೆ.

"ಹೇಳ್ಬಿಡಿ ಅಮ್ಮಾವ್ರೇ. ನಾನೇನು ಊರಿಗೆಲ್ಲ ಡಂಗುರ ಹೊಡೀತೀನಾ?"

ಹೊಡೆಯುತ್ತಾಳೆ. ಖಂಡಿತ.

ಅದೇ ಕಥೆ ಸಿನಿಮಾ ಕೂಡ ಆಗುತ್ತಿದೆ. ಕೊನೆಯ ದೃಶ್ಯ ಮಾತ್ರ ಬಾಕಿ, ನನ್ನ ಕಂತಿಗೆ ಕಾಯುತ್ತಿದ್ದಾರೆ. ತೆಗೆದಷ್ಟನ್ನು ನಾಳೆ ತೋರಿಸುತ್ತಾರಂತೆ.

ಮಾರ್ಚ್ 10, ಬುಧವಾರ

ಡೋರ್ಕಸ್‌ಳನ್ನೂ ಕರೆದೊಯ್ದೆ. ಪರದೆಯ ಮೇಲೆ ಕೊಲೆಯ ದೃಶ್ಯ. ಬಾಗಿಲಿಗೆ ಒಳಗಿನಿಂದ ಚಿಲಕ, ಕಿಟಕಿಗಳಿಗೆ ಮೊಳೆ, ಹೊಗೆಗೂಡಿಗೆ ಇಟ್ಟಿಗೆ. ಇರುವೆಯೂ ನುಸುಳದ ಕೋಣೆ — ಕಥೆ ನಿಂತಿರುವುದೇ ಅದರ ಮೇಲೆ.

"ಎಲ್ಲ ಮುಚ್ಚಿದೆ ಅಂತೀರಿ, ಮತ್ತೆ ಮೇಜಿನ ಬಟ್ಟೆ ಯಾಕೆ ಪಟಪಟ ಹೊಡ್ಕೊಳ್ತಿದೆ?" ಡೋರ್ಕಸ್. ಗಟ್ಟಿಯಾಗಿ.

ನಿರ್ದೇಶಕ ಲಾಕಿಯರ್ ಮುಖ ಸುಣ್ಣ. ಸೆಟ್ಟಿಗೆ ಸೂರೇ ಇರಲಿಲ್ಲವಂತೆ. ಬಿಸಿಲಿನ ಬೆಳಕಿನಲ್ಲೇ ತಾನೇ ಎಲ್ಲ ತೆಗೆಯುವುದು. ಮೇಲಿನಿಂದ ಕಡಲ ಗಾಳಿ ಇಳಿದಿದೆ, ಯಾರೂ ನೋಡಿಲ್ಲ.

"ಇನ್ನೊಂದ್ಸಲ ತೆಗೀರಿ."

"ಎಲ್ಲಿಂದ ಮೇಡಂ? ಸೆಟ್ ಕಿತ್ತಾಯ್ತು. ಹೆಣ ಹಡಗು ಹತ್ತಿ ನ್ಯೂಜಿಲೆಂಡಿಗೆ ಹೋಯ್ತು."

ಹೆಣವಾಗಿದ್ದ ನಟ! ಅವನಿಗೆ ಅಲ್ಲಿ ನಾಟಕವಂತೆ.

ಹನ್ನೊಂದು ಪುಸ್ತಕ ಬರೆದೆ. ಓದುಗರಿಗೆ ಮೋಸ ಮಾಡದವಳು ಅನ್ನುವುದೊಂದೇ ನನ್ನ ಆಸ್ತಿ. ಇನ್ನು ಊರೆಲ್ಲ ನಗುತ್ತದೆ.

ಮಾರ್ಚ್ 11, ಗುರುವಾರ

ಡೋರ್ಕಸ್ ಬಟಾಣಿ ಸುಲಿಯುತ್ತಿದ್ದಳು.

"ಸತ್ತೋನ ಭಾವಮೈದನೇ ಅಲ್ವಾ ಅಮ್ಮಾವ್ರೇ? ಎರಡನೇ ಕಂತಲ್ಲಿ ಏಣಿ ಹಾಕ್ಕೊಂಡು ಹಂಚು ಸರಿ ಮಾಡ್ತಿದ್ದ. ಆಮೇಲೆ ಆ ಏಣಿ ಏನಾಯ್ತು ಅಂತ ನೀವು ಬರೀಲೇ ಇಲ್ಲ."

ಏಣಿ! ಪುಟ ತುಂಬಿಸಲು ಹಾಕಿದ್ದು. ನನಗೇ ಮರೆತುಹೋಗಿತ್ತು. ಓಡಿಹೋಗಿ ಅವಳ ಕೆನ್ನೆಗೆ ಮುತ್ತು ಕೊಟ್ಟೆ. ಬಟಾಣಿ ನೆಲದ ತುಂಬ.

ಮಾರ್ಚ್ 12, ಶುಕ್ರವಾರ, 11.40

ಕಳಿಸಿದೆ. ಡಾಕ್ಟರ್ ಬಚಾವ್. ಮುದುಕ ಕುರ್ಚಿಯಲ್ಲಿ ತೂಕಡಿಸುವಾಗ ಭಾವಮೈದ ಹಂಚು ಸರಿಸಿ, ಹಗ್ಗ ಹಿಡಿದು ಇಳಿದು, ಲೋಟಕ್ಕೆ ವಿಷ ಹಾಕಿ ಮತ್ತೆ ಹತ್ತಿಹೋದ, ಹಂಚು ಮುಚ್ಚಲು ಮರೆತ. ಹಾರುವ ಮೇಜುಬಟ್ಟೆ ನೋಡಿ ಪತ್ತೇದಾರ ತಲೆ ಎತ್ತುತ್ತಾನೆ. ಅಷ್ಟೇ!

ಲಾಕಿಯರ್ ಫೋನು: "ಮೇಡಂ, ಆ ಗಾಳೀನ ಬೇಕಂತ್ಲೇ ಬಿಟ್ಟಿದ್ದು ಅಂತ ಹೇಳ್ಕೊಳ್ಳಲಾ?"

"ಹೇಳ್ಕೊಳ್ಳಿ. ಡೋರ್ಕಸ್ ಎದುರಿಗೆ ಮಾತ್ರ ಬೇಡ."

ಮೇ 23, ಭಾನುವಾರ

ನಿನ್ನೆ ಸಿನಿಮಾದ ಮೊದಲ ಆಟ. ಮೇಜಿನ ಬಟ್ಟೆ ಹಾರಿತು. ನನ್ನ ಎದೆಯೂ. ಪತ್ರಿಕೆ ಓದಿದ್ದ ಪುಣ್ಯಾತ್ಮನೊಬ್ಬ ತಡೆಯಲಾರದೆ ಕೂಗಿದ — "ಮೇಲ್ ನೋಡ್ರೋ, ಮೇಲೆ!" ಇಡೀ ಥಿಯೇಟರ್ ಕತ್ತೆತ್ತಿ ಥಿಯೇಟರಿನ ಸೂರನ್ನೇ ನೋಡಿತು. ನಾನೂ ನೋಡಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು. ಡೋರ್ಕಸ್ ಪಕ್ಕದವಳಿಗೆ ಹೇಳುತ್ತಿದ್ದಳು: "ಅವನನ್ನ ಹಿಡಿದಿದ್ದು ನಾನೇ ಕಣ್ರೀ."

ಸುಳ್ಳಲ್ಲ.

ಇವತ್ತು ಹೊಸ ಕಥೆ. ಎರಡು ಪುಟ. ಬೋರಲು ಹಾಕಲಿಲ್ಲ, ಅವಳ ಕೈಗೇ ಕೊಟ್ಟೆ. ಎದುರಿಗೇ ಕೂತು ಬೆರಳಿಟ್ಟು ಓದುತ್ತಿದ್ದಾಳೆ. ನಾನು ಡೈರಿ ಬರೆಯುವವಳ ಹಾಗೆ ನಟಿಸುತ್ತಿದ್ದೇನೆ. ಹುಬ್ಬು ಗಂಟಿಕ್ಕಿದಳು...

"ಅಮ್ಮಾವ್ರೇ, ಬಾಗಿಲ ಹತ್ರ ಒಂದು ಛತ್ರಿ ಇಟ್ಟಿದ್ದೀರಲ್ಲ, ಅದು ಯಾ—