ಮಂಕಾದ ಮ್ಯಾಗ್ನಮ್

ಡಾರ್ಮ್‌ಸ್ಟಾಟ್, ೧೫ ಮಾರ್ಚ್ ೨೦೨೫, ಶನಿವಾರ

ಶೂಟಿಂಗ್ ಕ್ಲಬ್ಬಿನ ಹಿರಿಯ ಸದಸ್ಯ ಡೀಟರ್ ತಮ್ಮ ಮ್ಯಾಗ್ನಮ್ ರಿವಾಲ್ವರನ್ನು ನನಗೆ ಮಾರುತ್ತಾರೋ ಇಲ್ಲವೋ ಎಂದು ವಾರವಿಡೀ ಕೊರೆಯುತ್ತಿತ್ತು. ಗುಣ ಬಲ್ಲವರಿಗಷ್ಟೇ ಕೊಡುವುದು ಎಂದಿದ್ದರು. ಇವತ್ತು ಕ್ಲಬ್ಬಿನಲ್ಲಿ ಒಂದೇ ಮಾದರಿಯ ಎರಡನ್ನು ಮುಂದಿಟ್ಟು, "ಆರಿಸಿಕೊಳ್ಳಿ" ಎಂದರು.

"ಹೊಳೆಯೋದನ್ನ ತಗೋ ಗುರು, ಇನ್ನೊಂದು ಅವರಜ್ಜನ ಕಾಲದ್ದು," ಎಂದು ಜೊತೆಗೆ ಬಂದಿದ್ದ ಗೆಳೆಯ ಅಶ್ವಿನ್ ಕನ್ನಡದಲ್ಲಿ ಪಿಸುಗುಟ್ಟಿದ.

ನಾನು ಮಂಕಾದುದನ್ನೇ ಎತ್ತಿಕೊಂಡೆ. ಹೊಳೆಯುವುದರ ನಳಿಗೆಯ ಮೇಲಿನ ಅಕ್ಷರಗಳ ಅಂಚು ಸವೆದಿತ್ತು. ಯಾರೋ ಉಜ್ಜಿ ಹೊಸದಾಗಿ ಬಣ್ಣ ಕೊಟ್ಟಿದ್ದಾರೆ. ಸಂಗ್ರಹಕಾರರು ಹುಡುಕುವುದು ಕಾರ್ಖಾನೆಯಲ್ಲಿ ಉಕ್ಕಿಗೆ ಕೊಟ್ಟ ಮೂಲ ನೀಲಿ ಲೇಪವನ್ನು; ಮಂಕಾದುದರಲ್ಲಿ ಅದು ಹಾಗೇ ಉಳಿದಿತ್ತು. ಗುರಿಕಾರರಿಗೆ ಬೇಕಾದ ಭಾರವಾದ ನಳಿಗೆ, ನಯವಾಗಿ ಜಾರುವ ಟ್ರಿಗರ್ ಕೂಡ ಇದರಲ್ಲಿದ್ದವು.

"ಇಷ್ಟು ವರ್ಷಗಳಲ್ಲಿ ಅಕ್ಷರ ನೋಡಿದವರು ನೀವೊಬ್ಬರೇ," ಎಂದು ಡೀಟರ್ ಕೈ ಕುಲುಕಿದರು. ಆಮೇಲೆ ಅದರಿಂದ ನಾನು ಹಾರಿಸಿದ ಆರು ಗುಂಡುಗಳೂ ಕಪ್ಪು ವೃತ್ತದೊಳಗೇ ಬಿದ್ದವು!

ಪರವಾನಗಿ ಮೊದಲೇ ಬಂದಿದೆ, ಸೋಮವಾರ ಕಾಗದಪತ್ರ. ನಾನು ಅನುವಾದಿಸಬೇಕಾದ ಕಾದಂಬರಿ ಮಡಿಲಲ್ಲಿ ತೆರೆದೇ ಇದೆ, ಒಂದು ಸಾಲೂ ತಲೆಗೆ ಹೋಗುತ್ತಿಲ್ಲ. ಆ ಮಂಕು ರಿವಾಲ್ವರ್ ನನ್ನದು. ನನ್ನದೇ...