ಒಂದೆರಡು ಕಡೆ

೨೧ ಏಪ್ರಿಲ್ ೧೯೫೮

ನಮ್ಮ ಪತ್ರಿಕೆಯಲ್ಲಿ ಇವತ್ತೂ ಅದೇ. "ಜಿಲ್ಲೆಯ ಒಂದೆರಡು ಕಡೆ ಗುಡುಗುಸಹಿತ ಅಲ್ಪ ಮಳೆಯಾಗುವ ಸಂಭವವಿದೆ." ಯುಗಾದಿಗೆ ನಾನೇ ಜೋಡಿಸಿದ ಸಾಲು. ಇನ್ನೂ ಬಿಚ್ಚಿಲ್ಲ. ಅಚ್ಚುಮೊಳೆಗಳಿಗೆ ದಾರ ಸುತ್ತಿ ಮೂಲೆಯಲ್ಲಿಟ್ಟಿದ್ದೇವೆ. ದಿನಾ ಎತ್ತಿ ಪುಟದ ಬುಡಕ್ಕೆ ಕೂರಿಸುವುದು, ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ಒರೆಸಿ ವಾಪಸ್.

ಒಂದೆರಡು ಕಡೆ ಅಂದರೆ ಎಲ್ಲಿ? ಪ್ರೆಸ್ಸಿನ ಯಜಮಾನ ಷಡಕ್ಷರಪ್ಪನವರನ್ನು ಕೇಳಿದೆ. ಅಡಿಕೆ ಅಗಿಯುತ್ತಲೇ, "ಎಲ್ಲಾದ್ರೂ ಒಂದ್ ಕಡೆ ಬಂದೇ ಬರುತ್ತೆ ಮಾರಾಯ. ರೇಡಿಯೋದವರೂ ಹಂಗೇ ಅಂತಾರೆ. ಈ ಸಾಲು ಒಂದು ದಿನಾನೂ ತಪ್ಪಿಲ್ಲ" ಎಂದರು.

ತಪ್ಪಲಾಗದ ಮಾತು ಯಾರಿಗೆ ಬೇಕು? ಜನರ ಕೈಗೆ ಸಿಗದ ಮಾತು ಜನರದಲ್ಲ — ಎರಡಾಣೆಯ ಒಂದು ಪುಸ್ತಿಕೆಯಲ್ಲಿ ಓದಿದ್ದು. ಅಡಿಗೆರೆ ಎಳೆದಿದ್ದೇನೆ.

೨೭ ಏಪ್ರಿಲ್, ಭಾನುವಾರ, ಭದ್ರಾವತಿ

ಅವ್ವನ ಹಸಿ ಇಟ್ಟಿಗೆ ಕರಗಿ ಮಣ್ಣಾಗಿದೆ. ಶುಕ್ರವಾರ ಸಂಜೆಯ ಮಳೆ. ಹನ್ನೆರಡು ದಿನದ ಕೆಲಸ. ಇನ್ನೊಂದು ಸಲ ಹೀಗಾದರೆ ಮಳೆಗಾಲದೊಳಗೆ ಗೂಡು ಸುಡುವುದು ಆಗದ ಮಾತು. ಆಗ ಅವಳು ಇಟ್ಟಿಗೆ ಹಾಕುವ ಹೊಳೆದಂಡೆಯ ಜಾಗವೂ ಬೇರೆಯವರ ಪಾಲಾಗುತ್ತದೆ.

ದಿನಾ ತೆಂಗಿನ ಗರಿ ಹೊದಿಸಿದರೆ ಇಟ್ಟಿಗೆ ಒಣಗುವುದಿಲ್ಲ. ಮಳೆ ಬರುವ ದಿನ ತಿಳಿಯಲೆಂದೇ ಟೀ ಅಂಗಡಿಯಲ್ಲಿ ನಮ್ಮ ಪತ್ರಿಕೆ ಓದಿಸಿಕೊಳ್ಳುತ್ತಾಳಂತೆ. "ಅಲ್ಪ ಅಂತ ಇತ್ತು ಮಗಾ. ನೀನೇ ಜೋಡ್ಸಿದ್ದಲ್ವಾ, ನಂಬ್ದೆ."

ಜೋಡಿಸಿದ್ದು ಯುಗಾದಿಗೆ ಎಂದು ಹೇಳಲಿಲ್ಲ. ಹೇಡಿ.

೨೮ ಏಪ್ರಿಲ್

ಸಾಲು ಬಿಚ್ಚಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಯಜಮಾನರು ಕೆಂಡವಾದರು. ಅಷ್ಟರಲ್ಲಿ ಸ್ಟೇಷನ್ನಿಗೆ ಹೋಗಿ ಬೀರೂರು ಗಾಡಿಯ ಗಾರ್ಡ್ ಗೋವಿಂದಯ್ಯನವರನ್ನು ಕಂಡು ಬಂದಿದ್ದೆ — ದಾರಿಯುದ್ದಕ್ಕೂ ಆಕಾಶ ನೋಡುವವರು. ಹೊಸ ಸಾಲು: "ನಿನ್ನೆ ತರೀಕೆರೆಯಲ್ಲಿ ಅರ್ಧ ಗಂಟೆ ಮಳೆ. ಭದ್ರಾವತಿಯಲ್ಲಿ ಇಲ್ಲ. ಈ ಬೆಳಿಗ್ಗೆ ಮೂಡಲಲ್ಲಿ ಮೋಡ."

ಒಂದು ವಾರ ಕೊಟ್ಟಿದ್ದಾರೆ. "ನಗೆಪಾಟಲಾದ್ರೆ ನಿನ್ನ ಮಳೇನೂ ಬೇಡ, ನೀನೂ ಬೇಡ."

೧ ಮೇ

ನಗೆಪಾಟಲು. ನಿನ್ನೆ ಆವೇಶದಲ್ಲಿ "ಸಂಜೆ ಭದ್ರಾವತಿಯಲ್ಲಿ ಮಳೆ ಖಂಡಿತ" ಎಂದು ಜೋಡಿಸಿದ್ದೆ. ಒಂದು ಹನಿಯೂ ಇಲ್ಲ.

ಭದ್ರಾವತಿಗೆ ಹೋಗಿ ನೋಡಿದರೆ ಅವ್ವ ಗರಿ ತೆಗೆಯುತ್ತಿದ್ದಳು. ಒಳ್ಳೆಯ ಬಿಸಿಲು ದಂಡ. ನಿಂತಲ್ಲೇ ಎಲ್ಲ ಹೇಳಿದೆ — ದಾರ ಸುತ್ತಿಟ್ಟ ಸಾಲಿನ ಕಥೆಯನ್ನೂ. ಅವ್ವ ಗರಿ ಕೊಡವಿ ಕೊಡವಿ ಒಟ್ಟಿದಳು.

ಆಮೇಲೆ: "ಅದು ನೋಡ್ದೇ ಹೇಳಿದ್ದು. ಇದು ನೋಡಿ ತಪ್ಪಿದ್ದು. ಎರಡೂ ಒಂದೇ ಅಲ್ಲ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಮೋಡ ಎಲ್ಲಿದೆ ಅಂತ ಹೇಳು ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಯಾವ ಪುಸ್ತಿಕೆಯಲ್ಲೂ ಇದನ್ನು ಓದಿರಲಿಲ್ಲ.

೨ ಮೇ

"ಮೊನ್ನೆ ಖಂಡಿತ ಎಂದದ್ದು ನಮ್ಮ ತಪ್ಪು. ಮೋಡ ತರೀಕೆರೆಯ ಮೇಲಿದೆ. ಈ ಕಡೆ ಬರುತ್ತದೋ ಇಲ್ಲವೋ ಗೊತ್ತಿಲ್ಲ." ಯಜಮಾನರು ಪ್ರೂಫ್ ಎರಡು ಸಲ ಓದಿದರು. ಹವೆ ವಿಚಾರದಲ್ಲಿ ತಪ್ಪಾಯಿತು ಎಂದ ಪತ್ರಿಕೆಯನ್ನು ತಾವು ಕಂಡೇ ಇಲ್ಲ ಎಂದರು. ತೆಗೆ ಎನ್ನಲಿಲ್ಲ.

೯ ಮೇ

ವಾರ ಮುಗಿದು ನಾಲ್ಕು ದಿನ. ಕೆಲಸದಲ್ಲಿದ್ದೇನೆ. ಯಾರೂ ಆ ಮಾತೆತ್ತಿಲ್ಲ.

ಬರೆಯಲು ಬಿಡುವಿಲ್ಲ. ಪ್ರೆಸ್ಸಿನ ಬಾಗಿಲಿಗೇ ಮಳೆ ಸುದ್ದಿ ಬರುತ್ತಿದೆ. ಹೊಳೆಹೊನ್ನೂರು ಬಸ್ಸಿನ ಕಂಡಕ್ಟರ್, ಮಾಚೇನಹಳ್ಳಿಯ ಹಾಲಿನಾಕೆ. ಕೋಟೆಯ ನರಸಿಂಹಮೂರ್ತಿ ಮೇಷ್ಟ್ರು ಕೊಡೆ ಮಡಿಸುತ್ತ, "ನಮ್ಮ ಹಿತ್ತಲಲ್ಲಿ ಬಂತು, ಜಗಲಿಗೆ ಬರ್ಲಿಲ್ಲ. ಅದನ್ನೂ ಹಾಕ್ತೀಯೇನಪ್ಪ?" ಎಂದರು. ಯಜಮಾನರೂ ನಕ್ಕರು.

೧೪ ಮೇ, ಬೆಳಿಗ್ಗೆ ೧೧

ಗೋವಿಂದಯ್ಯ ಟೋಪಿ ಕೂಡ ತೆಗೆಯದೆ ನೇರ ಪ್ರೆಸ್ಸಿಗೆ ಬಂದರು. ಬೀರೂರಲ್ಲಿ ಆಲಿಕಲ್ಲು. ತರೀಕೆರೆ ಬಿಡುವಾಗ ಕಪ್ಪು ಮೋಡ ಗಾಡಿಯ ಬೆನ್ನಿಗೇ ಇತ್ತಂತೆ.

ಅವ್ವನ ಇಟ್ಟಿಗೆ ಒಣಗಿ ನಿಂತಿದೆ. ನಾಳೆ ಗೂಡಿಗೆ.

ಯಜಮಾನರೇ ಮೆಷಿನ್ ನಿಲ್ಲಿಸಿದರು. "ಮೇಲಕ್ಕೆ ಹಾಕು. ಬುಡದಲ್ಲಿ ಯಾರು ನೋಡ್ತಾರೆ?" ಹಾಕಿದೆ — ಊರು, ಹೊತ್ತು, ಮೋಡ ಹೊರಟ ದಿಕ್ಕು. ಹನ್ನೆರಡರ ಗಾಡಿಗೆ ಭದ್ರಾವತಿಯ ಪತ್ರಿಕೆ ಕಟ್ಟು ನಾನೇ ಒಯ್ಯುವುದು. ಗರಿ ಹೊದಿಸಲು ಇನ್ನೆರಡು ಕೈ ಆದೀತು.

ಮೊದಲ ಪ್ರತಿ ಬಂತು. ಶಾಯಿ ಇನ್ನೂ ಹಸಿ. ಹೊರಗೆ ಬಿಸಿಲಿದೆ — ಅವ್ವ ಇರುವಲ್ಲೂ ಇನ್ನೂ ಬಿಸಿಲೇ ಇರಬೇಕು, ಹೊತ್ತಿದೆ, ಓಡಿದರೆ