ಬೋಡಿಯ ಉಗ್ರಾಣದ ಬೀಗ

ಕಂಬಂ
ಮನ್ಮಥ ಸಂವತ್ಸರ, ತೈ ತಿಂಗಳು (೧೮೯೬)

ನನ್ನ ತಮ್ಮ ಪಿಚ್ಚೈಗೆ ಅಕ್ಕ ಕಾಳಿಯಮ್ಮಾಳ್ ಮಾಡುವ ಆಶೀರ್ವಾದ.

ನೀನು ಪಳನಿಯಿಂದ ಬರೆದ ಕಾಗದ ದೀಪಾವಳಿಗೇ ಬಂತು. ಉತ್ತರ ಬರೆಯುವ ಹೊತ್ತಿಗೆ ಪೊಂಗಲೂ ಕಳೆಯಿತು, ಬೈಯಬೇಡ. ಕಣ್ಣು ಮಂಜಾಗಿದೆ, ಅಕ್ಷರ ಒಂದರ ಮೇಲೊಂದು ಕೂತಿದ್ದರೆ ಬಿಡಿಸಿಕೊಂಡು ಓದು. ಕೊಳ್ಳೇಗಾಲದಲ್ಲಿದ್ದಾಗ ನಿನ್ನ ಬಾವ ನಮ್ಮಿಬ್ಬರನ್ನೂ ತಿಣ್ಣೆಯ ಮೇಲೆ ಕೂರಿಸಿ ಮರಳಲ್ಲಿ ಕನ್ನಡ ಅಕ್ಷರ ತಿದ್ದಿಸುತ್ತಿದ್ದದ್ದು ನೆನಪಿದೆಯಾ? "ಮನೇಲಿ ಆಡೋ ಮಾತು ಬರೆಯೋಕೂ ಬರಬೇಕು" ಅನ್ನೋರು. ನಿನಗೆ ‘ಳ’ ಬರೆಯಲು ಬರದೆ ಅಳುತ್ತಾ ಹೊಳೆಗೆ ಓಡಿಹೋಗುತ್ತಿದ್ದೆ.

ಇಲ್ಲಿ ಪೆರಿಯಾರಿನ ನೀರು ಬೆಟ್ಟದೊಳಗಿಂದ ನಮ್ಮ ಕಡೆಗೆ ಬಂದಿದೆ. ಹೊಳೆ ತುಂಬಿ ಹರಿಯುವುದನ್ನು ನೋಡಲು ಜನ ದಡದಲ್ಲೇ ಬುತ್ತಿ ಬಿಚ್ಚುತ್ತಾರೆ. ನೋಡಲು ನಿನ್ನ ಬಾವ ಇರಬೇಕಿತ್ತು.

ಈಗ ಸಂಗತಿ ಕೇಳು. ದಿಂಡಿಗಲ್ಲಿನ ವಕೀಲ ಗೋವಿಂದನ್ ‘ತಹಸೀಲ್ದಾರ್ ಅಯ್ಯಾವು ಅವರ ಚರಿತ್ರೆ’ ಅಂತ ಪುಸ್ತಕ ಬರೆಯುತ್ತಿದ್ದಾನೆ. ಅಲ್ಲಿ ಹೊಸದಾಗಿ ಕಟ್ಟಿದ ಸತ್ರಕ್ಕೂ ನಿನ್ನ ಬಾವನ ಹೆಸರಿಡಬೇಕೆಂದು ಮಾತಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಧಾತು ವರ್ಷದ ಬರದಲ್ಲಿ, ಅವರು ಬೋಡಿನಾಯಕನೂರಿನಲ್ಲಿ ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿದ್ದಾಗ, ವ್ಯಾಪಾರಿಯ ಉಗ್ರಾಣದ ಬೀಗ ತಾವೇ ಒಡೆಸಿ ಜನಕ್ಕೆ ಧಾನ್ಯ ಹಂಚಿಸಿದರು ಅಂತ ಮೊದಲು ಬರೆದಿದ್ದ. ಆದರೆ ದಿಂಡಿಗಲ್ಲಿನಲ್ಲಿ ಕೆಲವರು, "ಅದೆಲ್ಲ ಸುಳ್ಳು, ಊರವರು ಲೂಟಿ ಮಾಡಿದ್ದು, ಈತ ಆಮೇಲೆ ಹೆಸರು ಹೊಡೆದುಕೊಂಡ" ಅಂದರಂತೆ. ನಿಜ ತಿಳಿಯದೆ ಸತ್ರಕ್ಕೆ ಹೆಸರಿಲ್ಲ, ಪುಸ್ತಕವೂ ಇಲ್ಲ ಅಂತ, ಬೋಡಿಗೆ ಹೋಗಿ ವಿಚಾರಿಸುವ ಮುಂಚೆ ಗೋವಿಂದನ್ ನನ್ನ ಹತ್ತಿರ ಬಂದ.

ನನಗೇನು ಗೊತ್ತು? ಕಚೇರಿಯ ಮಾತನ್ನು ಅವರು ಮನೆಯೊಳಗೆ ತರುತ್ತಿರಲಿಲ್ಲ. ಆದರೂ, ಲೂಟಿಯೇ ನಿಜವಾಗಿದ್ದರೆ? "ನಾನೂ ಬೋಡಿಗೆ ಬರ್ತೀನಪ್ಪಾ, ಏನಿದ್ದರೂ ನನ್ನ ಕಿವಿಯಿಂದಲೇ ಕೇಳ್ತೀನಿ" ಅಂದೆ.

ಬೋಡಿ ಹತ್ತಿರವಾದಂತೆ ಏಲಕ್ಕಿಯ ವಾಸನೆ ಬಂಡಿಯೊಳಕ್ಕೆ ನುಗ್ಗಿತು. ಬರಕ್ಕೆ ಮುಂಚೆ ಅವರು ಬೋಡಿಯಿಂದ ಮನೆಗೆ ಬಂದಾಗ ಕೋಟನ್ನು ಒಗೆಯಲು ತೆಗೆದರೆ ಇದೇ ವಾಸನೆ. ವಕೀಲ ಎದುರಿಗಿದ್ದ, ಸೆರಗಿನಿಂದ ಮೂಗು ಒರೆಸಿಕೊಂಡೆ.

ಆ ಉಗ್ರಾಣದ ಯಜಮಾನ ಅಳಗರ್ ಇನ್ನೂ ಬದುಕಿದ್ದಾನೆ. ಹಲ್ಲೆಲ್ಲ ಹೋಗಿವೆ, ಮಾತು ಮಾತ್ರ ಖಡಕ್ಕು. ನಾನು ಯಾರೆಂದು ತಿಳಿದದ್ದೇ ಎದ್ದು ನಿಂತ.

"ಬೀಗ ಒಡೆದದ್ದು ಊರವರು, ತಾಯೀ. ನಿಮ್ಮ ಯಜಮಾನರು ಬರುವಾಗ ಬಾಗಿಲು ತೆರೆದೇ ಇತ್ತು."

ಗೋವಿಂದನ್ ಮುಖ ಬಾಡಿತು. ನಾನು ಅಲ್ಲೇ ಕೂತೆ.

"ಪೂರ್ತಿ ಕೇಳಿ," ಅಂದ ಅಳಗರ್. "ಪೋಲೀಸರು ಬಂದು ಗಂಡಸರನ್ನೆಲ್ಲ ಹಗ್ಗ ಹಾಕಿ ಕಟ್ಟಿದರು. ಹಸಿದ ಹೆಂಗಸರು ರಸ್ತೆಯಲ್ಲಿ ಬಿದ್ದು ಗೋಳಾಡಿದರು. ಆಗ ನಿಮ್ಮ ಯಜಮಾನರು ಮುಂದೆ ಬಂದು, ‘ಕಟ್ಟು ಬಿಚ್ಚಿ. ಬೀಗ ಒಡೆಯಲು ಹೇಳಿದವನು ನಾನು’ ಅಂದರು. ಮೇಲಿನ ದೊರೆ ಬಂದಾಗಲೂ ಅದನ್ನೇ ಹೇಳಿದರು. ಅವರಿಗೆ ಬರಬೇಕಿದ್ದ ಬಡ್ತಿ ಆ ಸಲ ಬೇರೆಯವನಿಗೆ ಹೋಯಿತು. ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, ಎದುರಿಗೆ ಸಿಕ್ಕರೂ ಕೈ ಮುಗಿಯುತ್ತಿರಲಿಲ್ಲ. ಈಗ ಮುಗಿಯುತ್ತೇನೆ." ಹಾಗಂತ ನನಗೆ ಕೈ ಮುಗಿದುಬಿಟ್ಟ.

ಬಡ್ತಿ ತಪ್ಪಿತೆಂದು ಬರ ಕಳೆದ ಮೇಲೆ ನಾನು ಅವರನ್ನು ಎಷ್ಟು ಹಂಗಿಸಿದ್ದೆ! ನಕ್ಕು, ತಟ್ಟೆಯಲ್ಲಿದ್ದ ಕಳಿ ಮುದ್ದೆಯನ್ನು ಸಾರಿಗೆ ಅದ್ದಿ ನುಂಗುತ್ತಿದ್ದರು.

ವಾಪಸು ಬರುವಾಗ ಗೋವಿಂದನ್, "ಅಮ್ಮಾ, ಸರ್ಕಾರಿ ಅಧಿಕಾರಿ ಮೇಲಿನವರ ಮುಂದೆ ಸುಳ್ಳು ಹೇಳಿದರು ಅಂತ ಹೇಗೆ ಬರೆಯಲಿ? ಸತ್ರದ ಹೆಸರು ತಪ್ಪಿದರೂ ತಪ್ಪೀತು" ಅಂದ.

"ಹಾಗೇ ಬರಿ. ತಾವು ಒಡೆಸದ ಬೀಗವನ್ನು ಒಡೆಸಿದೆ ಅಂದರು ಅಂತ ಬರಿ. ನಾನು ಬಾಳಿದ್ದು ಅಂಥವರ ಜೊತೆಗೆ" ಅಂದೆ.

ಹಾಗೇ ಬರೆದಿದ್ದಾನೆ. ಸತ್ರಕ್ಕೆ ಯಾರೋ ಜಮೀನ್ದಾರರ ಹೆಸರು ಬಂತಂತೆ. ಇರಲಿ ಬಿಡು.

ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ. ಪಳನಿಯ ಆಂಡವ ನಿಮ್ಮನ್ನು ಕಾಯಲಿ. ಬರುವ ಮಾಸಿ ತಿಂಗಳಲ್ಲಿ ಒಮ್ಮೆ ಬಂದು ಹೋಗು, ಹೊಳೆ ನೋಡುವಿಯಂತೆ.

ನಿನ್ನ ಅಕ್ಕ
ಕಾಳಿಯಮ್ಮಾಳ್

ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ಪುಸ್ತಕದಲ್ಲಿ ಯಾರೂ ತಕರಾರು ಎತ್ತದ ಒಂದು ಸಾಲಿದೆ: ‘ಬರಗಾಲದುದ್ದಕ್ಕೂ ಅವರು ಒಂದು ದಿನವೂ ಮನೆಯ ಹೊಸ್ತಿಲು ತುಳಿಯಲಿಲ್ಲ.’ ಗೋವಿಂದನ್ ಅದನ್ನು ಹೆಮ್ಮೆಯಿಂದ ಓದಿ, "ಇದಾದರೂ ನಿಜವೇ, ಅಮ್ಮಾ?" ಅಂದ. "ನಿಜ" ಅಂದೆ. ನೀನು ಆಗ ಕಡಲಾಚೆ ಕಂಡಿಯ ಕಾಫಿ ತೋಟದಲ್ಲಿದ್ದೆ, ನನ್ನ ಮಗಳು ರಂಗಮ್ಮಾಳನ್ನು ನೀನು ನೋಡಲೇ ಇಲ್ಲ. ನಮ್ಮ ಅವ್ವನ ಹೆಸರು, ಅವ್ವನದೇ ಗಲ್ಲ. ವಾಂತಿಭೇದಿಯಲ್ಲಿ ಹೋಯಿತು ಕೂಸು. ನಾನು ಕಳಿಸಿದ ಆಳು ಗಂಜಿ ಕೇಂದ್ರದಿಂದ ಗಂಜಿ ಕೇಂದ್ರಕ್ಕೆ ಅವರನ್ನು ಹುಡುಕಿ, ಸಿಗದೆ ತಿರುಗಿ ಬಂದ. ಮಳೆ ಬಿದ್ದ ಮೇಲೆ ಅವರು ಬಂದರು. ನಾನು ಬೀಸುಕಲ್ಲಿನ ಮುಂದೆ ಕೂತಿದ್ದೆ. ಬೀದಿಯಿಂದಲೇ "ರಂಗೂ, ರಂಗೂ" ಅಂತ ಕೂಗಿದರು. ನನಗೆ ಏಳಲಾಗಲಿಲ್ಲ. ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡರೋ ಏನೋ, ಚಪ್ಪಲಿ ಕಳಚಿಟ್ಟು, ಸದ್ದು ಮಾಡದೆ ಒಳಗೆ ಬಂದರು.